ಸೂಜಿಗಿಂತ ಮೊದಲೇ ಎದ್ದ ಕುರಿ

ಇಂಥ ಕಥೆಯನ್ನು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವಳು ನಾನು. ದೇವರು ಮೈಮೇಲೆ ಬಂದದ್ದು, ಗುಡಿಯ ಅಂಗಾರದ ಬೂದಿ ಹಚ್ಚಿದೊಡನೆ ಜ್ವರ ಇಳಿದದ್ದು, ಎಲ್ಲ ನನಗೆ ಕೆಲಸವಿಲ್ಲದವರ ಮಾತು. ಈಗಲೂ ಬಹುಮಟ್ಟಿಗೆ ಹಾಗೆಯೇ. ಆದ್ದರಿಂದ ಇದನ್ನು ಓದಿ ನಾನು ಯಾರದೋ ಪಕ್ಷಕ್ಕೆ ಸೇರಿದೆನೆಂದು ದಯವಿಟ್ಟು ತಿಳಿಯಬೇಡಿ. ಸೇರಿಲ್ಲ, ಸೇರುವುದೂ ಇಲ್ಲ.

ನಾನು ಪುಣೆಯಲ್ಲಿ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಕೋಶದ ಹೊರಪೊರೆಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿರುತ್ತವೆ. ಗ್ರಾಹಕ ಎಂಬ ಪ್ರೋಟೀನು ಹೊರಗಿನ ಸುದ್ದಿಯನ್ನು ಹಿಡಿದು ಒಳಗೆ ಮುಟ್ಟಿಸುತ್ತದೆ, ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ನುಗ್ಗದಿದ್ದರೆ ಹೃದಯ ಬಡಿಯುವುದಿಲ್ಲ, ಕಾಲು ಏಳುವುದಿಲ್ಲ. ಈ ಬಾಗಿಲು ಕಾಯುವುದೇ ನನ್ನ ಉದ್ಯೋಗ.

ಮಹಾರಾಷ್ಟ್ರದ ಗಡಿಯ ದಾಳಿಂಬ ಎಂಬ ಹಳ್ಳಿಯಲ್ಲಿರುವ ನನ್ನ ಸೋದರಮಾವ ಮಾಳಪ್ಪ ಕುರಿ ಸಾಕುತ್ತಾನೆ. ಕುರುಬರ ದೇವರು ಬೀರಪ್ಪನ ಭಕ್ತ. ಸೊಂಟಕ್ಕೆ ಸಿಕ್ಕಿಸಿದ ಭಂಡಾರದ, ಅಂದರೆ ದೇವರ ಅರಿಶಿನದ, ಚೀಲವನ್ನು ನಿದ್ದೆಯಲ್ಲೂ ಬಿಚ್ಚುವುದಿಲ್ಲ. ನನ್ನ ಬಾಗಿಲುಗಳ ಕಥೆ ಕೇಳಿ ಒಮ್ಮೆ ನಕ್ಕಿದ್ದ. “ಕಣ್ಣಿಗಿ ಕಾಣದ್ದು ನೀನೂ ನಂಬತಿ, ನಾನೂ ನಂಬತೀನಿ. ಫರಕ್ ಏನದ ಹೇಳವ್ವಾ?”

“ನಂದು ಅಳೀಲಕ್ಕ ಬರ್ತದ ಮಾಮಾ,” ಎಂದಿದ್ದೆ ಜಂಬದಿಂದ.

ನಾನು ಹೇಳಹೊರಟದ್ದು ಕೆಲವು ವರ್ಷಗಳ ಹಿಂದಿನ ಮಾತು. ಅದರ ಹಿಂದಿನ ವರ್ಷ ಮಾವನ ಹಿಂಡಿನಲ್ಲಿ ಎರಡು ಗಬ್ಬದ ಕುರಿಗಳು ನೆಲ ಹಿಡಿದು ಮತ್ತೆ ಏಳಲೇ ಇಲ್ಲ. ಅವನು ಹೇಳಿದ ಲಕ್ಷಣ ಕೇಳಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬೇಕು ಎನ್ನಿಸಿತು. ಆ ಸಲ ರಜೆಗೆ ಬರುವಾಗ ಹಿಂಡಿನ ರಕ್ತ ಪರೀಕ್ಷಿಸಲೆಂದೇ ಉದಗೀರದಲ್ಲಿ ಲ್ಯಾಬ್ ಇಟ್ಟಿರುವ ಗೆಳತಿ ವೈಶಾಲಿಯಿಂದ ನಳಿಗೆಗಳನ್ನು ತಂದಿದ್ದೆ. ಉಮರ್ಗಾದ ಔಷಧದ ಅಂಗಡಿಯಿಂದ ಕ್ಯಾಲ್ಸಿಯಂ ಬಾಟಲಿಯನ್ನೂ ತಂದಿಟ್ಟಿದ್ದೆ.

ಬಂದ ಮೂರನೇ ದಿನ, ಸುಡು ಮಧ್ಯಾಹ್ನ, ಮಾವನ ಮೆಚ್ಚಿನ ಕುರಿ ಬಿತ್ತು. ಅದರ ಹೊಟ್ಟೆಯಲ್ಲಿ ಎರಡು ಮರಿ ಇದ್ದವು. ಕುತ್ತಿಗೆ ಪಕ್ಕೆಗೆ ತಿರುಗಿತ್ತು, ಅಂಥ ಬಿಸಿಲಿನಲ್ಲೂ ಕಿವಿ ತಣ್ಣಗಿದ್ದವು. ಹಿಡಿದು ನಿಲ್ಲಿಸಿದರೆ ಕಾಲು ಮಡಚಿ ಕುಸಿಯುತ್ತಿತ್ತು. ದನದ ಡಾಕ್ಟರು ಸಾಸ್ತೂರಿಗೆ ಹೋಗಿದ್ದರು. ಎಷ್ಟು ಔಷಧ, ಎಲ್ಲಿ ಚುಚ್ಚಬೇಕು ಎಂದು ಫೋನಿನಲ್ಲೇ ಹೇಳಿದರು.

ಮೊದಲು ರಕ್ತ ತೆಗೆದೆ. ಅಳೆಯದೆ ಏನನ್ನೂ ಮಾಡದಿರುವುದು ನನ್ನ ಹಳೆಯ ಚಟ. ಆಮೇಲೆ ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟೆ, ತಣ್ಣಗಿನ ಔಷಧ ಕೊಡುವಂತಿಲ್ಲ. ನಾನು ಕಾಯುತ್ತಿದ್ದಾಗ ಮಾವ ಕುರಿಯ ಹಣೆಗೆ ಭಂಡಾರ ಹಚ್ಚಿ, ಅದರ ಕಿವಿಯ ಬಳಿ ಕುಳಿತು ಏನೋ ಗುನುಗಿದ.

ಕುರಿ ಎದ್ದು ನಿಂತಿತು.

ಬಣ್ಣ ಕಟ್ಟಿ ಹೇಳುತ್ತಿಲ್ಲ. ಮೈ ಕೊಡವಿ, ಹತ್ತು ಹೆಜ್ಜೆ ನಡೆದು, ತೊಗರಿ ಹೊಟ್ಟಿಗೆ ಬಾಯಿ ಹಾಕಿತು. ಔಷಧ ಇನ್ನೂ ಬೋಗುಣಿಯಲ್ಲೇ ಇತ್ತು. ಕೂಡಲೇ ಇನ್ನೊಂದು ನಳಿಗೆ ರಕ್ತ ತೆಗೆದೆ. ಆಮೇಲೆ ಸೂಜಿಗೆ ಔಷಧ ತುಂಬಿದೆ.

ಮಾವ ಅಡ್ಡ ಬಂದ. “ಏನ್ ಮಾಡ್ಲತ್ತಿ? ದೇವ್ರು ಎಬ್ಬಿಸ್ಯಾನ. ದೇವ್ರು ಎಬ್ಬಿಸಿದ ಜೀವಕ್ಕ ಸೂಜಿ ಚುಚ್ಚತೀ?”

“ಎದ್ದದ್ದು ಖರೇ ಮಾಮಾ. ಯಾರು ಎಬ್ಬಿಸ್ಯಾರೋ ನಂಗ ಗೊತ್ತಿಲ್ಲ. ಮತ್ತ ಬಿದ್ರ?”

“ಬೀಳಂಗಿಲ್ಲ!”

“ಹೋದ ವರ್ಷ ಎರಡು ಬಿದ್ದು ಸತ್ತವಲ್ಲ, ಅವಕ್ಕ ನೀ ಭಂಡಾರ ಹಚ್ಚಿರಲಿಲ್ಲೇನು?”

ಆಡಬಾರದಿತ್ತು. ಅವನ ಮುಖ ಕಪ್ಪಿಟ್ಟಿತು, ಪಕ್ಕಕ್ಕೆ ಸರಿದ. ಅಷ್ಟರಲ್ಲಿ ನೆರೆದಿದ್ದ ಹತ್ತಾರು ಜನರ ಎದುರೇ, ಅವರ ಬೈಗುಳ ಕೇಳುತ್ತಲೇ, ಚರ್ಮದ ಕೆಳಗೆ ಅಷ್ಟೂ ಔಷಧ ಇಳಿಸಿದೆ. ಅಂದು ರಾತ್ರಿ ಮಾವ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ.

ಮರುದಿನ ನಳಿಗೆಗಳನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ನಿಲಂಗಾದಲ್ಲಿ ಬಸ್ ಬದಲಿಸಿ ಉದಗೀರಕ್ಕೆ ಹೋದೆ. ಎದ್ದ ಮೇಲಿನ ರಕ್ತದಲ್ಲಿ ಕ್ಯಾಲ್ಸಿಯಂ ಏರಿರುತ್ತದೆ, ಕುರಿಯ ಮೈ ತನ್ನ ಮೂಳೆಯಿಂದಲೇ ಅದನ್ನು ಎಳೆದುಕೊಂಡಿರುತ್ತದೆ, ಆ ಕಾಗದವನ್ನು ಮಾವನ ಮುಂದೆ ಹಿಡಿಯುತ್ತೇನೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಬಿದ್ದಾಗಿನ ರಕ್ತದಲ್ಲಿ ಕ್ಯಾಲ್ಸಿಯಂ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಎದ್ದ ಮೇಲಿನದರಲ್ಲಿ ಅದಕ್ಕಿಂತಲೂ ತುಸು ಕಡಿಮೆ.

ವೈಶಾಲಿ ನಳಿಗೆಯನ್ನು ಬೆಳಕಿಗೆ ಹಿಡಿದಳು. “ಜಾಂಭಳ ಟೋಪಣದ್ದು ತಗೊಂಡಿದ್ದೇನ? ಅದು ಕ್ಯಾಲ್ಸಿಯಂ ನುಂಗ್ತದ.”

ನೇರಳೆ ಮುಚ್ಚಳದ್ದಲ್ಲ, ಕೆಂಪು ಮುಚ್ಚಳದ್ದನ್ನೇ ತೆಗೆದುಕೊಂಡಿದ್ದೆ. ಅವಳ ಕೈಯಲ್ಲಿದ್ದದ್ದೂ ಅದೇ. ಮೂರು ಸಲ ಅಳೆದಳು, ಮೂರು ಸಲವೂ ಅದೇ ಉತ್ತರ. ಅಂಥ ರಕ್ತವುಳ್ಳ ಕುರಿ ನಡೆಯಲಾರದು. ನಡೆದದ್ದನ್ನು ನಾನು ನೋಡಿದ್ದೆ.

ಪುಣೆಯಲ್ಲಿ ನನ್ನ ಸಂಶೋಧನೆಯ ಗೈಡ್ ನಕ್ಕರು. ಲೇಬಲ್ ಅದಲುಬದಲಾಗಿರಬೇಕು, ಬಿಟ್ಟುಬಿಡು ಎಂದರು. ಅದಲುಬದಲಾದರೂ ಏನಂತೆ, ಎರಡೂ ಕಡಿಮೆಯೇ ಅಲ್ಲವೇ? ಹಾಗೆ ಕೇಳಿದ್ದಕ್ಕೆ ಸಿಟ್ಟಾದರು. ರಕ್ತದ ಪ್ರೋಟೀನಿಗೆ ಅಂಟದೆ ಮೈಗೆ ನಿಜವಾಗಿ ಒದಗುವ ಮುಕ್ತ ಕ್ಯಾಲ್ಸಿಯಂ ಅನ್ನು ಆಗ ಅಳೆದಿರಲಿಲ್ಲ, ಅದನ್ನು ಸ್ಥಳದಲ್ಲೇ ಅಳೆಯಬೇಕಿತ್ತು. ಆ ಲೋಪ ನನ್ನದು, ಒಪ್ಪುತ್ತೇನೆ. ಆದರೆ ಒಂದು ಲೋಪವಿದೆ ಎಂದ ಮಾತ್ರಕ್ಕೆ ಕಂಡದ್ದನ್ನು ಅಳಿಸಿಹಾಕಲು ನಾನು ತಯಾರಿರಲಿಲ್ಲ. ಇತ್ತ ಊರಿನಿಂದ ಹಿರಿಯರು ಫೋನ್ ಮಾಡಿದರು. ಸೈನ್ಸ್ ಕಲಿತವಳು ಕಣ್ಣಾರೆ ಕಂಡಿದ್ದೀ, ಗುಡಿಯಲ್ಲಿ ನಿಂತು ನಾಲ್ಕು ಮಾತು ಹೇಳು ಎಂದರು. ಅದಕ್ಕೂ ಆಗುವುದಿಲ್ಲ ಎಂದೆ. ಗೊತ್ತಿಲ್ಲ ಎನ್ನುವ ಒಂದು ಮಾತಿಗೆ ಎರಡೂ ಕಡೆಯವರು ನನ್ನನ್ನು ಸೊಕ್ಕಿನವಳೆಂದರು. ಸೊಕ್ಕೇ ಇರಲಿ.

ಆ ಕುರಿ ನಾಲ್ಕು ದಿನದ ಮೇಲೆ ಎರಡು ಮರಿ ಹಾಕಿತು, ಎರಡೂ ಬದುಕಿದವು. ಮಾವ ಮಾತ್ರ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ನನ್ನನ್ನು ಎತ್ತಿ ಆಡಿಸಿದವನು. ನನಗೆ ಬಹಳ ನೋವಾಯಿತು.

ಮರುವರ್ಷ ಒಂದು ಮಧ್ಯಾಹ್ನ ಅವನೇ ಫೋನ್ ಮಾಡಿದ. ಮತ್ತೊಂದು ಗಬ್ಬದ ಕುರಿ ಬಿದ್ದಿತ್ತು. “ಬಾಟ್ಲಿ ಬಿಸಿನೀರಾಗ ಇಟ್ಟೀನಿ. ಸೂಜಿ ಹೊಡ್ಯಾಂವ ಇಲ್ಲೇ ನಿಂತಾನ. ಭಂಡಾರ ಹಚ್ಚೀನಿ,” ಎಂದ. ಆಮೇಲೆ ಕೇಳಿದ: “ನಿಂಗ ಅಳೀಬೇಕಿತ್ತಲ್ಲವ್ವಾ. ನೀ ಅಂದ್ರ ಹತ್ತು ಮಿನಿಟು ನಿಂದರ್ತೀನಿ. ಏಳ್ತದೋ ಇಲ್ಲೋ, ನೋಡಾಮು?”

ವರ್ಷವಿಡೀ ನನ್ನ ತಲೆ ಕೊರೆದ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಗುವುದಿತ್ತು. ತನ್ನ ಕುರಿಯನ್ನೂ ತನ್ನ ದೇವರನ್ನೂ ಪಣಕ್ಕಿಟ್ಟು ಅವನು ಅದನ್ನು ನನಗೆ ಕೊಡುತ್ತಿದ್ದ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಬ್ಯಾಡ ಮಾಮಾ, ಮೊದ್ಲು ಚುಚ್ಚಸು.”

“ಹಾಂಗಾರ ನಿಂಗ ಎಂದೂ ತಿಳಿಯಂಗಿಲ್ಲ ನೋಡು.”

“ತಿಳೀದಿದ್ರ ಬಿಡು. ಚುಚ್ಚಸು.”

ಸೂಜಿ ಹಾಕಿದ ಇಪ್ಪತ್ತು ನಿಮಿಷಕ್ಕೆ, ಪುಸ್ತಕದಲ್ಲಿ ಬರೆದಂತೆಯೇ, ಆ ಕುರಿ ಎದ್ದಿತು. ಮೊದಲಿನ ಕುರಿ ಹೇಗೆ ಎದ್ದಿತೋ ನನಗೆ ಇಂದಿಗೂ ಗೊತ್ತಿಲ್ಲ.