ಔಷಧ ಹಚ್ಚಿದ ದಾರ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಚಹಾಕ್ಕಿಟ್ಟು, ಅತ್ತೆಯವರ ಪೂಜೆಗೆ ನೀರು ತುಂಬಿಟ್ಟು, ಗಂಡನ ಹೊಟ್ಟೆಯ ಪಟ್ಟಿ ನೋಡಲು ಹೋದೆ. ಲಿಂಗಸುಗೂರಿನಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಸಿಂಧನೂರಿನ ಮನೆಗೆ ಬಂದು ವಾರವೂ ಆಗಿರಲಿಲ್ಲ. ಪಟ್ಟಿಯ ಅಂಚು ಒದ್ದೆಯಾಗಿತ್ತು. ಬಿಚ್ಚಿದರೆ ಹೊಲಿಗೆಯ ಸುತ್ತ ಕೆಂಪು, ಕೆಂಪಿನ ಮೇಲೆ ವಿಭೂತಿಯ ಬೆರಳಚ್ಚು, ಅದರ ಸಂದಿಯಿಂದ ಕೀವು.

“ಏನಾಗಂಗಿಲ್ಲ ಬಿಡು, ದಾರಕ್ಕ ಔಷಧ ಹಚ್ಯಾರ,” ಎಂದರು ನನ್ನವರು. ಮೈ ಕೆಂಡದಂತೆ ಸುಡುತ್ತಿತ್ತು.

ಈ ದಾರದ ಕಥೆ ಇಡೀ ಓಣಿಗೆ ಬಾಯಿಪಾಠ. ಕ್ರಿಮಿ ಕೂಡದಂತೆ ಲೇಪನ ಮಾಡಿದ ದಾರದಿಂದ ಹೊಲಿಯುತ್ತೇನೆ ಎಂದು ಡಾಕ್ಟರು ಹೇಳಿದ್ದೇ ತಡ, ಗೊಬ್ಬರ, ಕೀಟನಾಶಕದ ಅಂಗಡಿಯ ನನ್ನ ಗಂಡನಿಗೆ ವೈದ್ಯಶಾಸ್ತ್ರವೆಲ್ಲ ತಿಳಿದುಹೋಯಿತು. “ಬೀಜಕ್ಕ ಔಷಧ ಹಚ್ಚಿ ಬಿತ್ತಿದಂಗ ನೋಡ್ರಿ,” ಎನ್ನುತ್ತ, ಮಾತಾಡಿಸಲು ಬಂದವರಿಗೆಲ್ಲ ಅಂಗಿ ಎತ್ತಿ, ಪಟ್ಟಿ ಸರಿಸಿ ತೋರಿಸಿದ್ದೇ ತೋರಿಸಿದ್ದು. ಹೊಸ ಬೈಕು ಕೊಂಡಾಗಲೂ ಇಷ್ಟು ಮೆರೆದಿರಲಿಲ್ಲ. ತುರ್ವಿಹಾಳದ ಸೋದರಮಾವ ಎಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ಹೊಲಿಗೆ ಒತ್ತಿ ನೋಡಿ, “ಗಟ್ಟಿ ಐತಿ ಬಿಡಪಾ,” ಎಂದು ಸರ್ಟಿಫಿಕೇಟ್ ಕೊಟ್ಟರು. ಅತ್ತೆಯವರು ದಿನಾ ಪೂಜೆ ಮುಗಿಸಿ ಮಗನ ಹಣೆಗೂ ಗಾಯಕ್ಕೂ ವಿಭೂತಿ ಹಚ್ಚುತ್ತಿದ್ದರು. ಹಣೆಗಷ್ಟೇ ಸಾಕು ಅತ್ತಿ, ಕೈಯಾದರೂ ತೊಳೀರಿ ಎಂದು ನಾನು ಸಾಬೂನು ಹಿಡಿದು ನಿಂತರೆ, “ನಿಮ್ಮ ಕಾನ್ವೆಂಟಿನ್ಯಾಗ ಸಾಬೂನು ಅಂದ್ರ ದೇವ್ರೇನವಾ?” ಎಂದು ನಗುತ್ತಿದ್ದರು.

ನಾನು ಓದಿದ ಕಾನ್ವೆಂಟಿನಲ್ಲಿ ಪ್ರಾರ್ಥನೆಗೂ ಮುಂಚೆ ಸಿಸ್ಟರು ನಮ್ಮ ಉಗುರು ನೋಡುತ್ತಿದ್ದರು, ನಿಜ. ಇಲ್ಲಿ ಮನೆಗೆ ಬಂದ ನೆಂಟರ ಉಗುರು ನೋಡಿದರೆ ಅವಮಾನ. ಅವರಿಗೆ ಗಾಯ ತೋರಿಸದಿದ್ದರೆ ಇನ್ನೂ ದೊಡ್ಡ ಅವಮಾನ.

ಕೀವು ಕಂಡ ಕೂಡಲೇ ಬಾಡಿಗೆ ಕಾರಿನಲ್ಲಿ ಲಿಂಗಸುಗೂರಿಗೆ ಹೊರಟೆವು. ಮಸ್ಕಿ ಬರುವವರೆಗೂ ನನ್ನವರು ದಾರದ ಕಂಪನಿಯನ್ನು ಬೈದರು. ಆಮೇಲೆ ರಸ್ತೆಯ ತಗ್ಗುಗಳೇ ಅವರ ಬಾಯಿ ಮುಚ್ಚಿಸಿದವು.

ಡಾಕ್ಟರು ಆ ಜಾಗದ ಹೊಲಿಗೆ ಬಿಚ್ಚಿ, ಕೀವು ತೆಗೆದು ತೊಳೆದರು. ನನ್ನವರು ಹಲ್ಲು ಕಚ್ಚಿಕೊಂಡೇ ಕೇಳಿದರು: “ಬೀಜಕ್ಕ ಹಚ್ಚಿದಂಗ ಔಷಧ ಹಚ್ಚಿತ್ತಲ್ರೀ ಸರ್, ಮತ್ತ?”

“ದಾರ ತನ್ನ ಮೈಮ್ಯಾಗ ಕ್ರಿಮಿ ಕೂಡದಂಗ ನೋಡ್ಕೊಂತೈತ್ರಿ. ಊರ ಮಂದಿ ಕೈಯೇನು ಅದು ತೊಳಿಯಂಗಿಲ್ಲ. ಬೀಜಕ್ಕ ಔಷಧ ಹಚ್ಚೀವಂತ ಗದ್ದ್ಯಾಗ ದನ ಬಿಡ್ತೀರೇನು?”

ಅಂಗಡಿಯಲ್ಲಿ ಕುಳಿತು ರೈತರಿಗೆ ಬುದ್ಧಿ ಹೇಳುವ ನನ್ನವರು ಗೋಡೆಯ ಕಡೆ ತಿರುಗಿದರು. ಪುಣ್ಯಕ್ಕೆ ಕೀವು ಒಳಗಿಳಿದಿಲ್ಲ, ಇನ್ನೊಮ್ಮೆ ಹೊಲಸಾದರೆ ಮತ್ತೆ ಆಪರೇಷನ್ನೇ ಎಂದರು ಡಾಕ್ಟರು. ಅದನ್ನೂ ನನ್ನ ಮುಖ ನೋಡಿಯೇ ಹೇಳಿದರು, ಸಾಬೂನು ಹಿಡಿದು ನಿಂತವಳದೇ ತಪ್ಪು ಎನ್ನುವಂತೆ.

ಮನೆಗೆ ಬಂದ ಮೇಲೆ ಅತ್ತೆಯವರು ವಿಭೂತಿಯನ್ನು ಹಣೆಗಷ್ಟೇ ಹಚ್ಚಿದರು. ಮುಖ ಮಾತ್ರ ಊದಿತ್ತು.

ಸಂಜೆ ಪಕ್ಕದ ಮನೆಯ ಅಕ್ಕ ಬಂದರು. ಖಾರ ಕುಟ್ಟಿದ ಕೈ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. “ಎಲ್ಲಿ, ತೋರಸ್ರಿ ಅಣ್ಣಾರ, ಹೆಂಗಾಗೈತಿ ನೋಡೂಣು,” ಎಂದು ಹಾಸಿಗೆಯ ತುದಿಗೇ ಕುಳಿತರು. ನನ್ನವರ ಕೈ ತಾನೇ ಅಂಗಿಯ ಕಡೆ ಹೋಯಿತು. ನಾನು ಆ ಕೈ ಹಿಡಿದುಕೊಂಡು, ಅಕ್ಕನ ಮುಂದೆ ಸಾಬೂನಿನ ಡಬ್ಬಿ ಹಿಡಿದೆ.

ಅಕ್ಕ ನಕ್ಕರು. “ನನಗ್ಯಾಕವಾ ಸಾಬೂನು? ನಾನೇನು ಹೊರಗಿನಾಕೀನ?”