ಬೀಗವಿಲ್ಲದ ದಾರಿಯನ್ನು ಒಪ್ಪಿಕೊಂಡ ಗುರುಗಳು

ಹಾಸನ ಸೀಮೆಯಲ್ಲಿ ಕಂಪ್ಯೂಟರ್ ಎಂದರೆ ಟೈಪ್‌ರೈಟರಿನ ತಂಗಿ ಎಂದೇ ಬಹುಮಂದಿ ತಿಳಿದಿದ್ದ ತೊಂಬತ್ತರ ದಶಕದಲ್ಲಿ, ಅದರೊಳಗಿದ್ದು ಸಕಲವನ್ನೂ ನಡೆಸುವ ಕರ್ನೆಲ್ ಎಂಬ ಮೂಲ ತಂತ್ರಾಂಶವನ್ನು ಬಿಚ್ಚಿ ಓದಲು ನಮ್ಮ ಜಿಲ್ಲೆಯ ಮಕ್ಕಳಿಗೆ ಕಲಿಸಿದವರಲ್ಲಿ ಹೊಳೆನರಸೀಪುರದ ಪ್ರೊ. ಯೋಗಾನರಸಿಂಹ ಅವರು ಅಗ್ರಗಣ್ಯರು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಸಾಲಗಾಮೆಯ ರೈತರ ಮಗಳಾದ ನನಗೆ ದೊರೆತಿದೆ. ಹಬ್ಬದ ರಜೆಯಲ್ಲೂ ಕಾಲೇಜಿನ ಲ್ಯಾಬ್ ತೆಗೆಸಿ, ಮನೆಯ ಪುಳಿಯೋಗರೆ ಡಬ್ಬಿಯನ್ನು ನಮ್ಮ ಮುಂದಿಟ್ಟು, ತಾವು ಬರೀ ಕಾಫಿ ಕುಡಿದು ಕೂರುತ್ತಿದ್ದ ಆ ಮಹನೀಯರನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ.

ಒಂದು ಕಡತವನ್ನು ಹುಡುಕಲು ಕರ್ನೆಲ್ ಡೈರೆಕ್ಟರಿ ಎಂಬ ಕಡತಗಳ ಕಪಾಟುಗಳಲ್ಲಿ ಒಂದರಿಂದ ಅದರೊಳಗಿನ ಇನ್ನೊಂದಕ್ಕೆ ಇಳಿಯುತ್ತಾ ಹೋಗಬೇಕು. ನಡುವೆ ಯಾರೂ ಹೆಸರು ಬದಲಿಸದಿರಲೆಂದು ಪ್ರತಿ ಹೆಜ್ಜೆಗೂ ಅದು ಬೀಗ ಹಾಕುತ್ತಿತ್ತು. ಲ್ಯಾಬಿನಲ್ಲಿ ಎಲ್ಲರೂ ಒಮ್ಮೆಗೇ ಕುಳಿತರೆ, ಬರೀ ಓದಲು ಬಂದವರೂ ಒಬ್ಬರ ಹಿಂದೊಬ್ಬರು ಕಾಯಬೇಕಿತ್ತು. ಬೀಗವಿಲ್ಲದೆ ಇಳಿಯುವುದು ಆಗದ ಮಾತೆಂದು ಗುರುಗಳು ಪ್ರತಿವರ್ಷ ಕಲಿಸುತ್ತಿದ್ದರು. ಹೊರದೇಶದವರು ಯತ್ನಿಸುತ್ತಿದ್ದಾರೆಂದು ಓದಿದ್ದ ನಾನು 2003ರಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಆರಿಸಿಕೊಂಡೆ. ಬೇರೆಯವರಾಗಿದ್ದರೆ ಗದರಿ ಕಳಿಸುತ್ತಿದ್ದರು. ಇವರು ನಕ್ಕು ಒಪ್ಪಿಗೆ ಕೊಟ್ಟರು.

ಪರೀಕ್ಷೆ ಹತ್ತಿರ ಬಂದಾಗ, ಬೀಗ ತೆಗೆದ ಕರ್ನೆಲ್ ಹಾಕಿದ್ದ ನನ್ನ ಯಂತ್ರ ಪದೇಪದೇ ಕುಸಿದು ನಿಲ್ಲತೊಡಗಿತು. ಅರಕಲಗೂಡಿನ ಪಾಲಿಟೆಕ್ನಿಕ್ಕಿನಲ್ಲಿ ಸಿಕ್ಕಿದ್ದ ಉಪನ್ಯಾಸಕಿಯ ಕೆಲಸ ಈ ಪ್ರಾಜೆಕ್ಟು ಪಾಸಾದರೆ ಮಾತ್ರ ನನ್ನದು. ಬೀಗ ಮತ್ತೆ ಹಾಕಿಬಿಡು ಎಂದು ಎಲ್ಲರೂ ಬುದ್ಧಿ ಹೇಳಿದರು. ಗುರುಗಳು ಮಾತ್ರ, “ಓದ್ತಾ ಇರೋನು ಇನ್ನೂ ಅಲ್ಲೇ ಇದಾನೆ, ಅಳಿಸಿದ್ದನ್ನ ಆಗ್ಲೇ ಯಾಕಮ್ಮ ಬಿಸಾಕ್ತೀಯ?” ಎಂದು ಕೇಳಿದರು. ಓದುವವರೆಲ್ಲ ಹೊರಟ ಮೇಲಷ್ಟೇ ಅಳಿಸಿದ್ದರ ಜಾಗ ಖಾಲಿಯಾಗುವಂತೆ ತಿದ್ದಿದೆ, ಕುಸಿತ ನಿಂತಿತು.

ಪರೀಕ್ಷಕರಾಗಿ ಬಂದ ರಂಗಸ್ವಾಮಿಯವರು ನೋಡಿ ಮೆಚ್ಚಿ, ಅಂಕ ಕೊಡಲು ಪೆನ್ನು ತೆಗೆದರು. ಆಗ ಗುರುಗಳೇ ಎದ್ದು, ಡೈರೆಕ್ಟರಿಗಳ ಹೆಸರನ್ನು ಎಡೆಬಿಡದೆ ಬದಲಿಸುವ ತಮ್ಮ ಪ್ರೋಗ್ರಾಮೊಂದನ್ನು ನನ್ನ ಯಂತ್ರದ ಮೇಲೆ ಓಡಿಸಿದರು! ನನಗೆ ರೇಗಿಹೋಯಿತು.

“ಇಂಗೆ ಎಲ್ರ ಮುಂದೆ ಕೆಡವ್ಬುಟ್ರೆ ನನ್ ಕೆಲ್ಸದ ಗತಿ ಏನ್ ಸಾ?”

“ಬೀಳೋದಾದ್ರೆ ಇವತ್ತೇ ಬೀಳ್ಲಿ ಕಣಮ್ಮ. ನಾಳೆ ನೀನು ಇದನ್ನ ಮಕ್ಕಳಿಗೆ ಕಲಿಸ್ಬೇಕು.”

ನಾನು ಪರದೆಯ ಹತ್ತಿರಕ್ಕೆ ಹೋಗಿ ನಿಂತೆ. ಪ್ರತಿ ಡೈರೆಕ್ಟರಿಗೂ ಬದಲಾದಾಗಲೆಲ್ಲ ಏರುವ ಒಂದು ಸಂಖ್ಯೆಯನ್ನು ಕೊಟ್ಟಿದ್ದೆ. ಒಳಹೊಕ್ಕಾಗ ಕಂಡ ಸಂಖ್ಯೆ ಹೊರಡುವಾಗ ಬೇರೆಯಾಗಿದ್ದರೆ, ಓದಿದ್ದನ್ನು ಕೈಬಿಟ್ಟು ಆಗ ಮಾತ್ರ ಬೀಗ ಹಿಡಿದು ಮತ್ತೆ ಇಳಿಯಬೇಕು. ಗುರುಗಳು ಸಾಕೆನ್ನುವವರೆಗೂ ನನ್ನ ಯಂತ್ರ ದಾರಿ ತಪ್ಪಲಿಲ್ಲ, ಕುಸಿಯಲೂ ಇಲ್ಲ. ರಂಗಸ್ವಾಮಿಯವರು ಪೂರ್ಣಾಂಕ ಕೊಟ್ಟರು.

ಮರುದಿನ ಗುರುಗಳು ನನ್ನನ್ನು ಕಿರಿಯರ ತರಗತಿಗೆ ಕರೆಸಿದರು. “ಇದು ಆಗಲ್ಲ ಅಂತ ಇಷ್ಟು ವರ್ಷ ಹೇಳ್ಕೊಟ್ಟೆ. ತಪ್ಪು. ಆಗತ್ತೆ. ಹೇಗೆ ಅಂತ ಆಶಾರಾಣಿಯವರು ಹೇಳ್ತಾರೆ” ಎಂದು ಸೀಮೆಸುಣ್ಣವನ್ನು ನನ್ನ ಕೈಗಿತ್ತು, ಮುಂದಿನ ಬೆಂಚಿನಲ್ಲಿ ಹುಡುಗರ ಜೊತೆ ಕುಳಿತರು.

ಇಂಥ ಗುರುಗಳು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ನಾನೀಗ ಪಾಠ ಹೇಳುವ ಚನ್ನರಾಯಪಟ್ಟಣದ ಕಾಲೇಜಿಗೂ ಬಂದು ನಮ್ಮ ಕೆಲಸವನ್ನು ಕೆಡವಿ ನೋಡುತ್ತಲೇ ಇರಲಿ. ಅಂದು ಅವರು ನನ್ನ ಪಾಠ ಕೇಳುತ್ತಾ, ಅರ್ಥವಾಗದ ಕಡೆ ಕೈಯೆತ್ತಿ ಕೇಳಿದ್ದನ್ನು ಕಂಡ ಮೇಲೆ, ಕಲಿಸುವುದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ನನಗೆ ಮನಸ್ಸೇ ಬರಲಿಲ್ಲ.