ಬಳಗಾನೂರಿನ ಕಾಲುವೆಗೆ ಒಯ್ದ ಕೌದಿ

ಎಲ್ಲಿಗೆ ಹೋಗಲು ಆಸೆ ಎಂದು ಯಾರಾದರೂ ಕೇಳಿದರೆ ನಾನು ಸಮುದ್ರದ ಹೆಸರು ಹೇಳುವುದಿಲ್ಲ. ಮುದಗಲ್ಲಿನಿಂದ ಲಿಂಗಸುಗೂರು, ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ತಂಗಿಯ ಊರು ಬಳಗಾನೂರು. ಮದುವೆ ಬಟ್ಟೆಯ ನೆಪವಿದ್ದರೆ ಇನ್ನಷ್ಟು ಮುಂದೆ, ಸಿಂಧನೂರಿನ ತನಕ. ನನ್ನ ದೇಶಸಂಚಾರ ಇಷ್ಟೇ, ನಗುವವರು ನಗಲಿ. ಕೋಟೆಯ ಹತ್ತಿರ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡವಳಿಗೆ ವರ್ಷಕ್ಕೆ ಎರಡು ಸಲ ಆ ಬಸ್ಸು ಹತ್ತುವುದೇ ಹಬ್ಬ.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳು ಒಗ್ಗರಣೆ, ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ಅದನ್ನು ತಿನ್ನದೆ ಮುಂದೆ ಹೋದರೆ ಪ್ರಯಾಣ ಮಾಡಿದಂತೆಯೇ ಅಲ್ಲ. ಮಸ್ಕಿ ಬರುವ ಮೊದಲೇ ಅದರ ಬೆಟ್ಟ ಕಾಣುತ್ತದೆ, ಮೇಲಿನ ಗುಡಿಗೆ ಕೂತಲ್ಲಿಂದಲೇ ಕೈ ಮುಗಿಯಬಹುದು. ಅಲ್ಲಿಯ ತನಕ ಸಜ್ಜೆ, ತೊಗರಿ, ಕಲ್ಲು, ಜಾಲಿ. ಮಸ್ಕಿ ದಾಟಿದ ಮೇಲೆ ನೋಡನೋಡುತ್ತಲೇ ಭತ್ತದ ಹಸಿರು ಶುರುವಾಗುತ್ತದೆ. ಬಸ್ಸಿನಲ್ಲಿ ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ತೆಲುಗು ಕೇಳಿಸುತ್ತದೆ, ಕಿಟಕಿಯಿಂದ ಕೆಸರಿನ ವಾಸನೆ ಬರುತ್ತದೆ. ಆ ಬದಲಾವಣೆ ನನಗೆ ಬಲು ಇಷ್ಟವಾಗಿತ್ತು. ಈಗ ಅದೇ ಜಾಗ ಬಂದರೆ ಕಿಟಕಿ ಮುಚ್ಚಿಬಿಡುತ್ತೇನೆ.

ಮಹಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹೊರಗೆ ಹಾಕಿ ಒಗೆಯುವುದು ನಮ್ಮ ಕಡೆಯ ಪದ್ಧತಿ. ಒಂದು ಚಾದರವೂ ಹಾಗೇ ಉಳಿಯಕೂಡದು. ಅವ್ವ ಹುಟ್ಟಿ ಬೆಳೆದದ್ದು ಒಣ ಸೀಮೆಯಲ್ಲಿ, ಒಗೆದದ್ದೆಲ್ಲ ಹಳ್ಳದಲ್ಲಿ. ಮೊಣಕಾಲುದ್ದ ನೀರು, ಕೆಳಗೆ ಮರಳು. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿ ನೆನೆದರೆ ಒಬ್ಬ ಮನುಷ್ಯನಷ್ಟು ಭಾರವಾಗುತ್ತದೆ. ಅದು ತೇಲಿಹೋಗಬಾರದೆಂದು ಹೆಂಗಸರು ಅದರ ಒಂದು ತುದಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿ, ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಎರಡೂ ಕೈ ಬಿಡುವಾಗಿರುತ್ತಿದ್ದವು. ನೀರು ಎಳೆದರೆ ಕೌದಿಯ ಹಿಂದೆ ನಾಲ್ಕು ಹೆಜ್ಜೆ ನಡೆದರಾಯಿತು.

ಈಗ ಆ ಹಳ್ಳದಲ್ಲಿ ನೀರಿಲ್ಲ, ಬರೀ ಜಾಲಿ ಬೆಳೆದಿದೆ. ಮುದಗಲ್ಲಿನ ನಲ್ಲಿಯ ನೀರಿನಲ್ಲಿ ಕೌದಿ ಒಗೆಯುವುದು ಅವ್ವನ ಲೆಕ್ಕದಲ್ಲಿ ಮುಖಕ್ಕೆ ನೀರು ಚಿಮುಕಿಸಿ ಸ್ನಾನವಾಯಿತು ಎಂದ ಹಾಗೆ. ಅದಕ್ಕೇ ಆ ವರ್ಷ ಕೌದಿಗಳ ಗಂಟು ಕಟ್ಟಿಕೊಂಡು, ಕಾಲುವೆಯ ದಂಡೆಯ ಮೇಲಿರುವ ತಂಗಿಯ ಮನೆಗೆ ಹೊರಟಳು. ಹಬ್ಬದ ರವಿಕೆಗಳು ರಾಶಿ ಬಿದ್ದಿದ್ದರಿಂದ ನಾನು ಎರಡು ದಿನ ಬಿಟ್ಟು ಬರುವುದೆಂದಾಯಿತು. ಕಾಲುವೆ ಹಳ್ಳದ ಹಾಗಲ್ಲ, ಕಲ್ಲು ಪಾಚಿಗಟ್ಟಿರುತ್ತದೆ ಎಂದು ಬಸ್ಸು ಹತ್ತಿಸುವಾಗ ಹೇಳಿದೆ. ಅವ್ವ ನನ್ನನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದಳು.

"ನೀರು ನೀರೇ ಅಲ್ಲೇನ? ಹಳ್ಳಕ್ಕ ಬ್ಯಾರೆ, ಕಾಲುವಿಗೆ ಬ್ಯಾರೆ ಐತೇನ?" ಎಂದಳು.

ನಾನು ಹೊರಟ ದಿನ ಲಿಂಗಸುಗೂರಿನಲ್ಲಿ ಮಿರ್ಚಿ ತಿನ್ನುತ್ತ ತಂಗಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಹೊಲಕ್ಕೆ ಹೋಗಿರಬೇಕು ಎಂದುಕೊಂಡೆ. ಮಸ್ಕಿಯಲ್ಲಿ ಇಳಿದು ಮತ್ತೆ ಹಚ್ಚಿದೆ, ಆಗಲೂ ಎತ್ತಲಿಲ್ಲ. ತಂಗಿಯ ಗಂಡನಿಗೆ ಹಚ್ಚಿದರೆ ಅವನು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿದ್ದ. ಗಿರಣಿಯ ಸದ್ದಿನಲ್ಲಿ ನನ್ನ ಮಾತೂ ಅವನಿಗೆ ಕೇಳಿಸಲಿಲ್ಲ, ಅವನ ಮಾತೂ ನನಗೆ ತಿಳಿಯಲಿಲ್ಲ.

ಬಳಗಾನೂರಿನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಪಕ್ಕದ ಚಹಾದಂಗಡಿಯಲ್ಲಿ ಗಿರಾಕಿಗಳು ಏನೋ ಗುಸುಗುಸು ಮಾತಾಡುತ್ತಿದ್ದರು. ಏನಾಯಿತೆಂದು ನಾನೇ ಬಾಯಿ ಬಿಟ್ಟು ಕೇಳಿದೆ. ಚಹಾ ಸೋಸುತ್ತಿದ್ದವನು ತಲೆ ಎತ್ತದೆ ಹೇಳಿದ.

"ಬಳಗಾನೂರ ಕಾಲುವ್ಯಾಗ ಹೆಣ ಬಂದೈತಂತ್ರಿ. ಹೆಣ್ಮಗಳಂತ, ವಯಸ್ಸಾದಾಕಿ."

ಕಾಲುವೆ ಉದ್ದವಾಗಿದೆ, ಅದರ ಮೇಲೆ ಎಷ್ಟೋ ಊರುಗಳಿವೆ, ಎಷ್ಟೋ ಮುದುಕಿಯರಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರ ಮನೆಯ ಮುದುಕಿಯಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಹೊಳೆದ ಮೇಲೂ ಅದನ್ನೇ ಬೇಡಿಕೊಂಡೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಕ್ಯಾಂಪಿನ ಹೆಂಗಸು ತನಗೂ ಫೋನಿನಲ್ಲಿ ಸುದ್ದಿ ಬಂದಿದೆ ಎಂದಳು. ಸೇತುವೆಯ ಕೆಳಗೆ ನೀರು ತಡೆಯುವ ಗೇಟಿಗೆ ಸಿಕ್ಕಿಕೊಂಡಿದೆಯಂತೆ, ಮೈತುಂಬ ಬಟ್ಟೆ ಸುತ್ತಿದೆಯಂತೆ, ಕಾಲೂ ಕಾಣುತ್ತಿದೆಯಂತೆ. ಭತ್ತದ ಹಸಿರು ಬಂತು, ಕೆಸರಿನ ವಾಸನೆ ಬಂತು. ನಾನು ಕಿಟಕಿ ಮುಚ್ಚಿದೆ.

ಊರು ಇನ್ನೂ ಮುಂದಿರುವಾಗಲೇ ಸೇತುವೆಯ ಮೇಲೆ ಜನ ಕಟ್ಟಿಕೊಂಡಿದ್ದರು. ಬಸ್ಸು ಮುಂದೆ ಹೋಗುವಂತಿರಲಿಲ್ಲ. ಎಲ್ಲರೂ ನೋಡಲು ಇಳಿದರು, ನಾನೂ ಇಳಿದೆ. ಕೆಂಪು ನೀರು ದಂಡೆಯ ಮಟ್ಟಕ್ಕೆ ತುಂಬಿ ಸದ್ದಿಲ್ಲದೆ ಓಡುತ್ತಿತ್ತು. ಕಬ್ಬಿಣದ ಗೇಟಿಗೆ ಒತ್ತಿಕೊಂಡು ದಪ್ಪನೆಯ ಒಂದು ಮೈ ಏಳುತ್ತ ಮುಳುಗುತ್ತ ಇತ್ತು. ಕಾಲುವೆಯ ಕೆಲಸದವನು ಉದ್ದನೆಯ ಕೊಕ್ಕೆ ಹಾಕಿ ಎಳೆದ. ಅದು ಮಗ್ಗುಲು ಬದಲಿಸಿತು.

ಮೊದಲು ನನಗೆ ಕಂಡದ್ದು ಹಳದಿ ತುಂಡು. ನನ್ನ ಮದುವೆಯ ರವಿಕೆಯ ಬಟ್ಟೆ ಅದು, ಅವ್ವ ಕೌದಿಯ ನಡುವೆ ಹೊಲಿದದ್ದು. ಅದರ ಸುತ್ತ ಅಪ್ಪನ ಧೋತರದ ತುಂಡುಗಳು. ಜನರನ್ನು ಸರಿಸಿಕೊಂಡು ದಂಡೆಗೆ ಇಳಿದೆ.

ದಂಡೆಗೆ ಎಳೆದು ಬಿಚ್ಚಿದರು. ಒಳಗೆ ಯಾರೂ ಇರಲಿಲ್ಲ. ಗಾಳಿ ತುಂಬಿ ಉಬ್ಬಿದ ಬರೀ ಕೌದಿ. ಜನ ನಕ್ಕರು, ಸುಮ್ಮನೆ ಹೊತ್ತು ಕಳೆದೆವು ಎಂದು ಒಬ್ಬ ಗೊಣಗಿದ. ಬಸ್ಸಿನವನು ಹಾರ್ನು ಹೊಡೆದ. ನನಗೆ ಮಾತ್ರ ಆಗ ನಿಜವಾದ ಭಯ ಹತ್ತಿತು. ಕೌದಿಯ ತುದಿಯಲ್ಲಿ ಗಂಟು ಇನ್ನೂ ಬಿಗಿಯಾಗಿತ್ತು. ಗಂಟಿಗೆ ಅವ್ವ ಮನೆಯಿಂದ ಉಟ್ಟುಕೊಂಡು ಹೊರಟ ಹಸಿರು ಸೀರೆಯ ಸೆರಗು ಗೇಣುದ್ದ ಜೋತಾಡುತ್ತಿತ್ತು.

ಕೌದಿ ಇಲ್ಲಿದ್ದರೆ ಅದಕ್ಕೆ ಕಟ್ಟಿಕೊಂಡಿದ್ದವಳು ಎಲ್ಲಿ? ನೀರಿನ ಮೇಲ್ಗಡೆ ನೋಡಿದೆ, ಕೆಳಗಡೆ ನೋಡಿದೆ. ಆ ಸೆರಗನ್ನು ಕೈಗೆ ತೆಗೆದುಕೊಂಡಾಗ ಬೆರಳುಗಳು ತಾವಾಗಿಯೇ ಅಂಚನ್ನು ಸವರಿದವು, ದಿನವೂ ಬಟ್ಟೆ ಸವರುವ ಬೆರಳುಗಳು. ಹರಿದ ಬಟ್ಟೆಗೆ ಎಳೆ ಬಿಟ್ಟಿರುತ್ತದೆ. ಇದು ಹರಿದದ್ದಲ್ಲ, ಕೊಯ್ದದ್ದು. ಯಾರು ಕೊಯ್ದರು, ಕೊಯ್ಯುವ ಹೊತ್ತಿಗೆ ಅವ್ವ ನೀರಿನ ಮೇಲಿದ್ದಳೋ ಒಳಗಿದ್ದಳೋ ಅದು ಹೇಳಲಿಲ್ಲ. ತೊಯ್ದ ಕೌದಿಯನ್ನು ಅಲ್ಲೇ ಬಿಟ್ಟು ದಂಡೆಯ ಗುಂಟ ಓಡಿದೆ.

ಅವ್ವ ತಂಗಿಯ ಅಂಗಳದಲ್ಲಿ ಕೂತಿದ್ದಳು. ತಂಗಿಯ ಸೀರೆ ಉಟ್ಟಿದ್ದಳು, ಅದೂ ತಿರುವುಮುರುವಾಗಿ. ಮೊಣಕೈ ತರಚಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ತಂಗಿ ಅವಳ ಅಂಗಾಲು ಉಜ್ಜುತ್ತಿದ್ದಳು, ಫೋನು ಒಳಗೆ ಚಾರ್ಜಿಗೆ ಬಿದ್ದಿತ್ತು. ನಾನು ಅವ್ವನನ್ನು ತಬ್ಬಿಕೊಂಡು ಅಳುತ್ತಲೇ ಬಾಯಿಗೆ ಬಂದಂತೆ ಬೈದೆ. ಅಷ್ಟು ಅತ್ತದ್ದು ಅಪ್ಪ ಹೋದಾಗ ಮಾತ್ರ.

ಆದದ್ದನ್ನು ತಂಗಿ ಹೇಳಿದಳು. ತಾನು ದಂಡೆಯಲ್ಲಿ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳಂತೆ. ಅವ್ವನ ಕಾಲು ಪಾಚಿಯ ಮೇಲೆ ಜಾರಿತು, ಕೌದಿ ನೀರು ಕುಡಿದು ಎಳೆಯಿತು. ತಂಗಿ ಓಡಿ ಒಂದು ಕೈಯಲ್ಲಿ ಅವ್ವನ ತುರುಬು ಹಿಡಿದಳು, ಇನ್ನೊಂದು ಕೈಯಲ್ಲಿದ್ದ ಕುಡುಗೋಲಿನಿಂದ ಸೆರಗು ಕೊಯ್ದಳು.

"ಹಳ್ಳ ಆದ್ರ ಬಾ ಅಂತ ಕರಕೊಂಡ ಹೋಗತೈತಿ. ಇದು ಕೇಳಂಗಿಲ್ಲ ಯವ್ವಾ," ಎಂದಳು ಅವ್ವ.

ಸಂಜೆ ತಂಗಿಯ ಗಂಡ ಸೇತುವೆಯಿಂದ ಕೌದಿ ತಂದಾಗ ನೆರೆಮನೆಯ ಹಿರಿಯಳು ಹೊಸ್ತಿಲಲ್ಲೇ ತಡೆದಳು. ಊರೆಲ್ಲ ಹೆಣವೆಂದು ನೋಡಿದ ಬಟ್ಟೆ ಮನೆಯೊಳಗೆ ಬರಬಾರದು, ನೀರಿಗೇ ಬಿಡಬೇಕು ಎಂದಳು. ನನಗೂ ಅದೇ ಸರಿ ಅನ್ನಿಸಿತು. ಅವ್ವ ಎದ್ದು ಬಂದು ಕೌದಿಯ ಮೇಲೆ ಕೈ ಇಟ್ಟಳು.

"ಹೆಣ ಅಂದವರು ನೀವು. ನನಗ ಇದು ಹೊದಿಕಿ."

ಆ ಬಸ್ಸು ಈಗಲೂ ಹತ್ತುತ್ತೇನೆ, ಮಿರ್ಚಿ ತಿನ್ನುತ್ತೇನೆ, ಮಸ್ಕಿ ಬೆಟ್ಟಕ್ಕೆ ಕೈ ಮುಗಿಯುತ್ತೇನೆ. ಸೇತುವೆ ಬಂದಾಗ ಮಾತ್ರ ಗೇಟಿನ ಕಡೆ ನೋಡುವುದಿಲ್ಲ. ಅವ್ವ ನಲ್ಲಿಯ ನೀರಿಗೇ ಒಗ್ಗಿಕೊಂಡಿದ್ದಾಳೆ, ಕಾಲುವೆಯ ಮಾತೆತ್ತುವುದಿಲ್ಲ. ಮಧ್ಯಾಹ್ನ ಉಂಡು ನನ್ನ ಮಷಿನ್ನಿನ ಪಕ್ಕ ಅದೇ ಕೌದಿ ಹೊದ್ದು ಮಲಗುತ್ತಾಳೆ. ನಿದ್ದೆಯಲ್ಲಿ ಅದನ್ನು ಮುಖದ ಮೇಲೆ ಎಳೆದುಕೊಳ್ಳುವುದು ಅವಳ ಹಳೆಯ ಚಾಳಿ. ನಾನು ಮಷಿನ್ನು ನಿಲ್ಲಿಸಿ, ಎದ್ದು ಹೋಗಿ, ಕೌದಿಯನ್ನು ಮುಖದಿಂದ ಸರಿಸಿ ಬರುತ್ತೇನೆ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಎಳೆದುಕೊಳ್ಳುತ್ತಾಳೆ.